ಕಂಪನಿಗೆ ಕೊಟ್ಟ ನೀರು, ಕಾರ್ಪೊರೇಟರ್ ಹೊಣೆ

ಉತ್ತರ ಕರ್ನಾಟಕದ ಒಂದು ಮಹಾನಗರದಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ನಮ್ಮ ಓಣಿಗೆ ವಾರಕ್ಕೊಮ್ಮೆ, ಅದೂ ನಡುರಾತ್ರಿ ನೀರು ಬರುತ್ತದೆ. ಹೊಸ ಪೈಪಿಗೆಂದು ಅಗೆದ ರಸ್ತೆಯನ್ನು ಮುಚ್ಚಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ದೂರು ಬಗೆಹರಿದಿದೆ ಎಂದು ಮೆಸೇಜ್ ಬರುತ್ತದೆ. ಕಾರ್ಪೊರೇಟರ್ ಮನೆಗೆ ಹೋದರೆ, 'ಅದನ್ನ ಕಂಪನಿಗೆ ಕೊಟ್ಟೇವ್ರೀ ಅಕ್ಕಾರ, ನಮ್ಮ ಕೈಯಾಗ ಏನೂ ಇಲ್ಲ' ಅಂತಾರೆ. ನಾವು ವೋಟು ಹಾಕಿದ್ದು ಅವರಿಗೆ, ಕಂಪನಿಗಲ್ಲ. ಯಾರನ್ನು ಕೇಳಬೇಕು?"

ಅಕ್ಕಾರ, ಕಾರ್ಪೊರೇಟರ್ ಅವರನ್ನೇ ಕೇಳಬೇಕು. ಆದರೆ ಈವರೆಗೆ ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಕೇಳಬೇಕು.

ಮೊದಲು 'ನಮ್ಮ ಕೈಯಾಗ ಏನೂ ಇಲ್ಲ' ಎಂಬ ಮಾತನ್ನೇ ನೋಡೋಣ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರೊಂದಿಗೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಸೇರಬೇಕಾದ 18 ವಿಷಯಗಳಿವೆ, ನೀರು ಪೂರೈಕೆ ಅದರಲ್ಲೊಂದು. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯೂ ನೀರನ್ನು ಪಾಲಿಕೆ ಮಾಡಲೇಬೇಕಾದ ಕೆಲಸಗಳ ಸಾಲಿನಲ್ಲಿ ಇಟ್ಟಿದೆ. ಪೈಪು ಹಾಕುವುದು, ಮೀಟರ್ ಓದುವುದು, ಬಿಲ್ಲು ಹಂಚುವುದು, ಇಷ್ಟನ್ನು ಗುತ್ತಿಗೆಗೆ ಕೊಡಬಹುದು. ಹೊಣೆಯನ್ನು ಗುತ್ತಿಗೆಗೆ ಕೊಡಲು ಬರುವುದಿಲ್ಲ. ಕಂಪನಿ ಲೆಕ್ಕ ಒಪ್ಪಿಸಬೇಕಾದದ್ದು ಕರಾರಿಗೆ ಸಹಿ ಹಾಕಿದವರಿಗೆ, ಅವರು ಒಪ್ಪಿಸಬೇಕಾದದ್ದು ನಿಮಗೆ. ಈ ಎರಡರ ನಡುವೆ ನಿಮ್ಮ ಪರವಾಗಿ ನಿಂತು ಕೇಳಲೆಂದೇ ಕಾರ್ಪೊರೇಟರ್ ಇರುವುದು.

ಹಾಗೆಂದು ಅವರ ಮಾತಿನಲ್ಲಿ ಸತ್ಯವೇ ಇಲ್ಲ ಎಂದು ಹೇಳಲಾರೆ. ಹುಬ್ಬಳ್ಳಿ-ಧಾರವಾಡದ ಕತೆ ನೋಡಿ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ನಡೆಸಿದ್ದು ಫ್ರಾನ್ಸ್ ಮೂಲದ ವಿಯೋಲಿಯಾ ಕಂಪನಿ. ಆ ವಾರ್ಡುಗಳಲ್ಲಿ ಕೆಲಸ ಆಯಿತು, ಅದನ್ನು ಒಪ್ಪಬೇಕು. ಪಕ್ಕದ ವಾರ್ಡಿನವರು ಮಾತ್ರ ಕೊಡ, ಬ್ಯಾರೆಲ್ಲು ತುಂಬಿಡುತ್ತ ವರ್ಷಗಟ್ಟಲೆ ಕಾದರು. ಇಡೀ ಊರಿಗೆ ವಿಸ್ತರಿಸುವ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಮಂಜೂರಾದದ್ದು 2016ರಲ್ಲಿ. ಮುಂದೆ ನಿರ್ವಹಣೆ ಎಲ್ ಆಂಡ್ ಟಿ ಕಂಪನಿಗೆ ಹೋಯಿತು. ಇದರ ನಡುವೆ ಹುಬ್ಬಳ್ಳಿ-ಧಾರವಾಡದಲ್ಲಿ ಹಿಂದಿನ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಸಭೆಯಲ್ಲಿ ಎದ್ದು ನಿಂತು ಕೇಳುವ ಒಬ್ಬ ಸದಸ್ಯನೂ ಇರಲಿಲ್ಲ. ಬೆಂಗಳೂರಿನ ಸ್ಥಿತಿ ಇನ್ನೂ ಕೆಟ್ಟದು: ಅಲ್ಲಿ 2020ರ ಸೆಪ್ಟೆಂಬರ್ 10ರಂದು ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಳೇ ಉರುಳಿದರೂ ಚುನಾವಣೆ ನಡೆಯಲಿಲ್ಲ.

ಸಭೆ ಇದ್ದಾಗಲೂ ಒಂದು ತೊಡಕಿದೆ. ನಮ್ಮಲ್ಲಿ ಮೇಯರ್ ಅವಧಿ ಒಂದೇ ವರ್ಷ, ಸ್ಥಾಯಿ ಸಮಿತಿಗಳದ್ದೂ ಒಂದೇ ವರ್ಷ. ಕಂಪನಿಯ ಕರಾರು ಅದಕ್ಕಿಂತ ಎಷ್ಟೋ ಉದ್ದ. ಕಡತ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಮಿತಿಯ ಅಧ್ಯಕ್ಷರು ಬದಲಾಗಿರುತ್ತಾರೆ. ಆಗ ಕರಾರಿನ ನೆನಪು ಉಳಿಯುವುದು ಕಂಪನಿಗೆ ಮತ್ತು ಅಧಿಕಾರಿಗಳಿಗೆ ಮಾತ್ರ. ಹೀಗಾಗಿಯೇ ಓದಿಕೊಂಡು, ಬರೆದಿಟ್ಟುಕೊಂಡು, ಬೆನ್ನು ಬಿಡದೆ ಕೇಳುವ ನಾಗರಿಕರು ಬೇಕು ಎನ್ನುತ್ತೇನೆ.

ಈಗ ನಿಮ್ಮ ಕಾರ್ಪೊರೇಟರ್ ವಿಷಯ. ಇಷ್ಟು ವರ್ಷ ನಾವೆಲ್ಲ ಅವರ ಮನೆಗೆ ಹೋಗಿ ಕೇಳಿದ್ದು ಉಪಕಾರ. ವಾಲ್ವ್‌ಮನ್‌ಗೆ ಒಂದು ಫೋನ್ ಮಾಡಿ, ಟ್ಯಾಂಕರ್ ಕಳಿಸಿ, ಗುಂಡಿಗೆ ಎರಡು ಬುಟ್ಟಿ ಕಡಿ ಹಾಕಿಸಿ. ಅವರು ಮಾಡಿಸಿಕೊಟ್ಟರೆ ನಾವು ಋಣಿಗಳು, ಮಾಡಿಸದಿದ್ದರೆ ಸಿಟ್ಟು. ಋಣ ಹೊತ್ತವರು ಲೆಕ್ಕ ಕೇಳುವುದು ಕಷ್ಟ. ಕಂಪನಿ ಬಂದ ಮೇಲೆ ವಾಲ್ವ್‌ಮನ್ ಕಾರ್ಪೊರೇಟರ್ ಮಾತು ಕೇಳುತ್ತಿಲ್ಲ, ಉಪಕಾರ ಮಾಡುವ ದಾರಿ ಮುಚ್ಚಿದೆ. 'ಕೈಯಾಗ ಏನೂ ಇಲ್ಲ' ಎಂದು ಅವರಿಗೆ ಅನ್ನಿಸುತ್ತಿರುವುದು ಅದಕ್ಕೇ. ಕಾನೂನು ಅವರ ಕೈಗೆ ಕೊಟ್ಟ ಅಧಿಕಾರ ಬೇರೆಯೇ ಇದೆ, ಅದು ಇನ್ನೂ ಅಲ್ಲೇ ಇದೆ: ಸಾಮಾನ್ಯ ಸಭೆಯಲ್ಲಿ ಆಯುಕ್ತರನ್ನು ಪ್ರಶ್ನಿಸುವುದು, ಉತ್ತರ ನಡವಳಿ ಪುಸ್ತಕಕ್ಕೆ ಏರುವಂತೆ ನೋಡಿಕೊಳ್ಳುವುದು, ಲೆಕ್ಕಪತ್ರ ಸ್ಥಾಯಿ ಸಮಿತಿಯ ಮುಂದೆ ಕಂಪನಿಯ ಬಿಲ್ಲು ತರಿಸುವುದು, ವಾರ್ಡ್ ಸಮಿತಿ ಕರೆಯುವುದು.

ವಾರ್ಡ್ ಸಮಿತಿಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ಅದು ನನಗೆ ಆಶ್ಚರ್ಯ ತರಲಿಲ್ಲ. 3 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ವಾರ್ಡಿನ 10 ಜನ ಸದಸ್ಯರು. ಎಷ್ಟೋ ಕಡೆ ಇದು ಕಾಗದದ ಮೇಲೆಯೇ ಉಳಿದಿದೆ. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯೇ, ಕೊನೆಯ ಸಭೆ ಯಾವಾಗ ನಡೆಯಿತು, ನಡವಳಿ ಎಲ್ಲಿ? ಕಾರ್ಪೊರೇಟರ್‌ಗೆ ಮೊದಲ ಪ್ರಶ್ನೆ ಇದೇ ಆಗಲಿ. ಬಾಯಿಮಾತಿನಲ್ಲಿ ಬೇಡ. ಪತ್ರ ಬರೆದು, ಓಣಿಯವರೆಲ್ಲ ಸಹಿ ಹಾಕಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ.

ಇನ್ನೊಂದು ಕಡೆಯಿಂದ ಮಾಹಿತಿ ಹಕ್ಕು. ಕಂಪನಿ ಖಾಸಗಿ, ಅದರ ಕಾಗದ ನಿಮಗೆ ಸಿಗದು ಎಂದು ಯಾರಾದರೂ ಅಂದರೆ ನಂಬಬೇಡಿ. ಕಾನೂನಿನ ಪ್ರಕಾರ ಸರ್ಕಾರಿ ಪ್ರಾಧಿಕಾರ ಖಾಸಗಿ ಸಂಸ್ಥೆಯಿಂದ ತರಿಸಿಕೊಳ್ಳಬಹುದಾದ ಮಾಹಿತಿಯೂ 'ಮಾಹಿತಿ'ಯೇ. 2005ರ ಕಾಯ್ದೆಯ 2(ಎಫ್) ಕಲಂ ನೋಡಿ. ಅರ್ಜಿಯನ್ನು ಕಂಪನಿಗೆ ಹಾಕಬೇಡಿ, ಪಾಲಿಕೆಗೆ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಮರೆತು ಎಲ್ಲ ಸಂಕಟವನ್ನೂ ಒಂದೇ ಹಾಳೆಯಲ್ಲಿ ತುಂಬಿದವರ ಅರ್ಜಿಗಳು ವಾಪಸು ಬಂದದ್ದನ್ನು ಬಹಳ ನೋಡಿದ್ದೇನೆ. ಕೇಳಬೇಕಾದದ್ದು ಮೂರು, ಮೂರು ಬೇರೆ ಅರ್ಜಿಗಳಲ್ಲಿ: ಕರಾರಿನಲ್ಲಿ ನೀರಿನ ಅವಧಿ, ಒತ್ತಡ, ದೂರು ಬಗೆಹರಿಸುವ ಗಡುವಿನ ಷರತ್ತುಗಳು ಯಾವುವು; ಷರತ್ತು ಮುರಿದದ್ದಕ್ಕೆ ಈವರೆಗೆ ಎಷ್ಟು ದಂಡ ಹಾಕಿದ್ದಾರೆ, ಎಷ್ಟು ವಸೂಲಾಗಿದೆ; ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಯಾರದ್ದು, ಅದಕ್ಕೆ ಬಿಲ್ಲು ಪಾವತಿಯಾಗಿದೆಯೇ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ವಾಣಿಜ್ಯ ಗುಟ್ಟು ಎಂಬ ನೆಪ ಹೇಳಬಹುದು. ಹೆಚ್ಚಿನ ಸಾರ್ವಜನಿಕ ಹಿತ ಇದ್ದರೆ ಅದನ್ನೂ ಕೊಡಬೇಕು ಎಂದು ಆ ಗುಟ್ಟಿಗೆ ರಕ್ಷಣೆ ಕೊಡುವ 8(1)(ಡಿ) ಕಲಮ್ಮೇ ಹೇಳುತ್ತದೆ. ಕುಡಿಯುವ ನೀರಿಗಿಂತ ಹೆಚ್ಚಿನ ಸಾರ್ವಜನಿಕ ಹಿತ ನನಗೆ ಗೊತ್ತಿಲ್ಲ.

ದಂಡದ ಪ್ರಶ್ನೆಯನ್ನು ಒತ್ತಿ ಕೇಳಲು ಕಾರಣವಿದೆ. ಕರಾರು ಎಷ್ಟೇ ಬಿಗಿಯಾಗಿ ಬರೆದಿದ್ದರೂ ದಂಡ ಹಾಕುವವರು ಕಣ್ಣು ಮುಚ್ಚಿದರೆ ಅದು ಸತ್ತ ಕಾಗದ. ಮೈಸೂರಿನಲ್ಲಿ ಟಾಟಾ ಸಮೂಹದ ಜಸ್ಕೋ ಕಂಪನಿಗೆ ನೀರು ವಿತರಣೆ ಕೊಟ್ಟಾಗ ಪಾಲಿಕೆ ಸಭೆಯಲ್ಲೇ ಸದಸ್ಯರು ಪಕ್ಷಭೇದವಿಲ್ಲದೆ ಎದ್ದು ನಿಂತರು. ಆ ಏರ್ಪಾಡು ಉಳಿಯಲಿಲ್ಲ, ಕೆಲಸ ಮತ್ತೆ ಪಾಲಿಕೆಯ ವಾಣಿವಿಲಾಸ ನೀರು ಸರಬರಾಜು ವಿಭಾಗಕ್ಕೆ ಬಂತು. ಕಾರ್ಪೊರೇಟರ್ ಕೈಯಲ್ಲಿ ಏನೂ ಇಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ರಸ್ತೆ ಅಗೆಯುವ ಉಪಗುತ್ತಿಗೆ ಯಾರ ಸಂಬಂಧಿಕರಿಗೆ ಸಿಕ್ಕಿದೆ ಎಂದು ಜನ ಆಡಿಕೊಳ್ಳುವ ಮಾತನ್ನೂ ನೀವು ಬರೆದಿದ್ದೀರಿ. ಅದನ್ನು ನಾವು ಅಚ್ಚು ಹಾಕಿಲ್ಲ, ದಾಖಲೆಯಿಲ್ಲದೆ ಹಾಕುವುದೂ ಇಲ್ಲ. ಪಾಲಿಕೆಯ ಗುತ್ತಿಗೆಯಲ್ಲಿ ಪಾಲು ಅಥವಾ ಹಿತಾಸಕ್ತಿ ಇರುವ ಸದಸ್ಯರು ಅನರ್ಹರಾಗುತ್ತಾರೆ ಎಂದು 1976ರ ಕಾಯ್ದೆ ಹೇಳುತ್ತದೆ, ಆದ್ದರಿಂದ ಇದು ಹಗುರವಾಗಿ ಆಡುವ ಮಾತಲ್ಲ. ಉಪಗುತ್ತಿಗೆದಾರರ ಪಟ್ಟಿ ಕೇಳಿ ನಾಲ್ಕನೆಯ ಅರ್ಜಿ ಹಾಕಿ. ಏನೂ ಸಿಗದಿದ್ದರೆ ಅವರ ಹೆಸರು ಶುದ್ಧವಾಗಿ ಉಳಿಯಲಿ.

ಕಾರ್ಪೊರೇಟರ್ ಅವರಿಗೆ ಕೊಡುವ ಪತ್ರದಲ್ಲಿ ಒಂದು ಸಾಲು ತಪ್ಪದೆ ಸೇರಿಸಿ: ಮುಂದಿನ ಸಾಮಾನ್ಯ ಸಭೆಯಲ್ಲಿ ನಮ್ಮ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳುತ್ತೀರಾ, ಇಲ್ಲವಾ? ಅವರು ಕೇಳಿದರೆ ಆ ದಿನದ ನಡವಳಿಯ ನಕಲು ಪಡೆಯಿರಿ. ಕೇಳದಿದ್ದರೆ ಅದನ್ನೂ ದಿನಾಂಕ ಸಮೇತ ಬರೆದಿಡಿ. ಅರ್ಜಿ, ಸ್ವೀಕೃತಿ, ಬಂದ ಉತ್ತರ ಎಲ್ಲದರ ನಕಲು ನಮಗೂ ಕಳಿಸಿ, ಪ್ರಕಟಿಸುತ್ತೇವೆ. ಬೇರೆ ವಾರ್ಡುಗಳವರೂ ಇದೇ ಮೂರು ಪ್ರಶ್ನೆ ಕೇಳಿ ಬರೆದರೆ ಎಲ್ಲ ಉತ್ತರಗಳನ್ನೂ ಅಕ್ಕಪಕ್ಕ ಅಚ್ಚು ಹಾಕಲು ಪುಟ ತೆಗೆದಿಡುತ್ತೇವೆ.

– ಸಂಪಾದಕ