ಇಂಗ್ಲಿಷ್ ತರಗತಿಗಾಗಿ ನನ್ನ ಮಗಳು ತಾನೇ ಆರಿಸಿ ಓದಿದ ಪುಸ್ತಕಕ್ಕೆ ಪ್ರತಿಕ್ರಿಯೆ ಬರೆಯುವಾಗ ಕಥೆಯ ಸಾರಾಂಶ ಸಾಲದೇ?

ಸಾಲದು. ಸಾರಾಂಶವು ಕಥೆಯಲ್ಲಿ ಏನಾಯಿತೆಂದು ತಿಳಿಸುತ್ತದೆ. ಓದಿದವರ ಮನಸ್ಸಿನಲ್ಲಿ ಏನಾಯಿತೆಂಬುದೇ ಪ್ರತಿಕ್ರಿಯೆ. ಅರ್ಥವು ಪಠ್ಯ ಮತ್ತು ಓದುಗರ ನಡುವೆ ಹುಟ್ಟುತ್ತದೆ ಎಂದು ಅಮೆರಿಕದ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ವಾದಿಸಿದ್ದರು.

ಹಾಸನದಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನಿಮ್ಮ ಮಗಳು ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಆರಿಸಿಕೊಂಡಿದ್ದಾಳೆ ಎಂದಿದ್ದೀರಿ. ಆ ಕಾದಂಬರಿ ತೆರೆದುಕೊಳ್ಳುವುದು ಸೋಮವಾರದ ಬೆಳಗ್ಗೆ. ಸ್ವಾಮಿಗೆ ಕಣ್ಣು ಬಿಡಲೂ ಮನಸ್ಸಿಲ್ಲ. ‘ಅವನಿಗೆ ಶಾಲೆ ಇಷ್ಟವಿರಲಿಲ್ಲ’ ಎಂದು ಬರೆದು ಮುಗಿಸುವ ಬದಲು, ಅವಳು ಕಣ್ಣು ಬಿಡಲು ಮನಸ್ಸಿಲ್ಲವೆಂಬ ಕಾದಂಬರಿಯ ಆ ವಾಕ್ಯವನ್ನು ಪುಟಸಂಖ್ಯೆಯೊಡನೆ ನೋಟ್‌ಬುಕ್ಕಿನ ಎಡಬದಿಯಲ್ಲಿ ಬರೆದುಕೊಂಡು, ಅದನ್ನು ಓದಿದಾಗ ತನಗೆ ಅನಿಸಿದ್ದನ್ನು, ಎದ್ದ ಪ್ರಶ್ನೆಯನ್ನು, ಆಲೂರಿನಿಂದ ಬೆಳಗಿನ ಬಸ್ಸಿಗೆ ಓಡಿ ಬರುವ ಗೆಳತಿಯ ನೆನಪಾದರೆ ಅದನ್ನೂ ಬಲಬದಿಯಲ್ಲಿ ದಾಖಲಿಸಲಿ. ಮುಂದೆ ಓದುತ್ತಾ ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸದೆ, ಬದಲಾದದ್ದೇಕೆಂದು ಅದರ ಕೆಳಗೆ ಬರೆಯಲಿ. ನನ್ನ ದೃಷ್ಟಿಯಲ್ಲಿ ಇಡೀ ಬರವಣಿಗೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ. ಇಂಗ್ಲಿಷ್ ಪದ ಸಿಗದೆ ಆಲೋಚನೆ ನಿಂತುಹೋಗುವುದಾದರೆ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಲು ಬಿಡಿ. ವ್ಯಾಕರಣವನ್ನು ಆಮೇಲೆ ತಿದ್ದಬಹುದು.