ಮಳೆಗಾಲದ ಬೆಳಕಿನಲ್ಲಿ ಬೂದು ಬಣ್ಣ

ಪ್ರಶ್ನೆ: ಅಡಿಕೆ ತೋಟದ ನಡುವೆ ಹೊಸದಾಗಿ ತಾರಸಿ ಮನೆ ಕಟ್ಟಿಸಿದ್ದೇವೆ. ಚಾವಡಿಗೆ ಬೂದು ಬಣ್ಣ ಬೇಕೆಂಬುದು ಮಕ್ಕಳ ಆಸೆ. ಶೇಡ್ ಕಾರ್ಡ್ ನೋಡಿ ಆರಿಸಿದ ತಿಳಿ ಬೂದನ್ನು ಒಂದು ಗೋಡೆಗೆ ಬಳಿಸಿದಾಗ ಅದು ನೀಲಿಯಾಗಿ ಕಾಣುತ್ತಿದೆ. ಬಣ್ಣದಲ್ಲಿ ತಪ್ಪಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ನೆಲ ಕಾವಿಯದು, ಬಾಗಿಲುಗಳು ಹಲಸಿನ ಮರದವು. ಈಗ ಏನು ಮಾಡಬಹುದು?
– ಗೃಹಿಣಿ, ಬದಿಯಡ್ಕ

ಉತ್ತರ: ಅಂಗಡಿಯವರ ಮಾತನ್ನು ಅನುಮಾನಿಸಬೇಕಾಗಿಲ್ಲ. ಯಂತ್ರದಲ್ಲಿ ಸೂತ್ರದ ಪ್ರಕಾರ ಬೆರೆಸಿದ ಬಣ್ಣ ಕಾರ್ಡಿನ ಬಣ್ಣಕ್ಕೆ ಬಹುಮಟ್ಟಿಗೆ ಹೊಂದಿಕೊಂಡೇ ಇರುತ್ತದೆ. ಬದಲಾಗಿರುವುದು ಅದರ ನೆರೆಹೊರೆ. ಬೂದು ಬಣ್ಣದಲ್ಲಿ ಅದರದೇ ಆದ ಛಾಯೆ ಅತ್ಯಲ್ಪವಾಗಿರುವುದರಿಂದ, ಪಕ್ಕದ ಬಣ್ಣಗಳ ಪ್ರಭಾವ ಬೇರೆಲ್ಲ ಬಣ್ಣಗಳಿಗಿಂತ ಅದರ ಮೇಲೆ ಹೆಚ್ಚು ಎದ್ದು ಕಾಣುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೇಲ್ ಪ್ಯಾರಿಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ, ಕಪ್ಪು ನೂಲು ಬಟ್ಟೆಯಲ್ಲಿ ಮಂಕಾಗಿ ಕಾಣುತ್ತದೆಂಬ ದೂರು ಅವರ ಮುಂದೆ ಬಂದಿತ್ತು. ದೋಷವಿದ್ದುದು ನೂಲಿನಲ್ಲಲ್ಲ, ಅದರ ಪಕ್ಕದಲ್ಲಿ ನೇಯ್ದ ಬೇರೆ ಬಣ್ಣದ ನೂಲುಗಳಿಂದ ಕಣ್ಣಿಗಾಗುವ ಭ್ರಮೆಯಲ್ಲಿ ಎಂಬುದನ್ನು ಅವರು 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ತೋರಿಸಿಕೊಟ್ಟರು. ಕೆಂಪಿನ ಬದಿಯಲ್ಲಿಟ್ಟ ಬೂದು ಹಸಿರು ನೀಲಿಯ ಕಡೆಗೆ, ಹಳದಿಯ ಬದಿಯಲ್ಲಿಟ್ಟ ಬೂದು ನೀಲಿ ನೇರಳೆಯ ಕಡೆಗೆ ವಾಲಿದಂತೆ ಕಾಣುತ್ತದೆ. ನಿಮ್ಮಲ್ಲಿ ಕಾವಿಯ ನೆಲವೂ ಇದೆ, ಇನ್ನೂ ಹಳದಿ ಮಾಸದ ಹಲಸಿನ ಬಾಗಿಲುಗಳೂ ಇವೆ. ಎರಡೂ ಒಂದೇ ದಿಕ್ಕಿಗೆ ತಳ್ಳುವಾಗ ಗೋಡೆ ನೀಲಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಇದರ ಜೊತೆಗೆ, ನೀವು ಆರಿಸಿದ ಬಣ್ಣದಲ್ಲಿಯೇ ನೀಲಿಯ ಅಂಶ ಸ್ವಲ್ಪ ಇದ್ದಿರಲೂಬಹುದು. ಬಿಳಿಗೆ ಬರಿಯ ಕಪ್ಪನ್ನು ಬೆರೆಸಿದ ಬೂದು ಸಾಮಾನ್ಯವಾಗಿ ತಣ್ಣಗೆ, ತುಸು ನೀಲಿಯಾಗಿಯೇ ತೋರುತ್ತದೆ. ಕಾರ್ಡಿನ ತಿಳಿ ಚೌಕವನ್ನು ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ. ಅದೇ ಪಟ್ಟಿಯ ತುದಿಯಲ್ಲಿರುವ ಅತಿ ಗಾಢವಾದ ಚೌಕವನ್ನು ನೋಡಿ: ಅದು ಹಳೆಯ ಸ್ಲೇಟಿನಂತೆ ನೀಲಿಯಾಗಿದ್ದರೆ ಮೇಲಿನ ತಿಳಿ ಚೌಕಗಳಲ್ಲಿಯೂ ನೀಲಿ ಅಡಗಿದೆ, ಕಂದಿನ ಕಡೆಗಿದ್ದರೆ ಅವು ಬೆಚ್ಚನೆಯ ಬೂದುಗಳು ಎಂದು ತಿಳಿಯಬಹುದು. ನಿಮ್ಮ ಚಾವಡಿಗೆ ಬೇಕಾಗಿರುವುದು ಎರಡನೆಯ ಬಗೆಯದು, ಅಂದರೆ ಹಳದಿ ಮಣ್ಣಿನ ಅಥವಾ ಕಂದಿನ ಛಾಯೆ ಚೂರು ಸೇರಿದ ಬೂದು. ಬೂದಿಗೂ ಬೇಜಿಗೂ (ಮರಳಿನಂಥ ತಿಳಿ ಕಂದು ಬಣ್ಣಕ್ಕೂ) ನಡುವಿನ ಇಂಥ ಬಣ್ಣಗಳನ್ನು ಅಂಗಡಿಗಳಲ್ಲಿ ಗ್ರೇಜ್ ಎಂದು ಕೇಳಿದರೆ ತೋರಿಸುತ್ತಾರೆ. ಕಾವಿಯ ನೆಲದ ಮೇಲೆ ಅವು ಬೂದಾಗಿಯೇ ಉಳಿಯುತ್ತವೆ. ಕಾರ್ಡಿನಲ್ಲಿ ಮಣ್ಣಿನ ಬಣ್ಣದಂತೆ ಕಂಡರೂ ಹಿಂಜರಿಯಬೇಡಿ.

ಈ ಬಾರಿ ಗೋಡೆಗೆ ಬಳಿಯುವ ಮುನ್ನ ಎರಡಡಿ ಅಗಲ, ಎರಡಡಿ ಎತ್ತರದ ಪ್ಲೈವುಡ್ ತುಂಡಿಗೆ ಪ್ರೈಮರ್ ಹಚ್ಚಿ, ಎರಡು ಕೋಟ್ ಬಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ಇಮಲ್ಶನ್ ಹಸಿಯಾಗಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಸ್ವಲ್ಪ ಗಾಢವಾದ ಇನ್ನೊಂದು ಬಣ್ಣ. ಆ ಹಲಗೆಯನ್ನು ನೆಲದ ಹತ್ತಿರ, ಬಾಗಿಲ ಚೌಕಟ್ಟಿನ ಪಕ್ಕ, ಕಿಟಕಿಯ ಎದುರಿನ ಗೋಡೆಯಲ್ಲಿ ಇಟ್ಟು ಬೆಳಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ನೋಡಿ. ತೋಟದ ನಡುವಿನ ಮನೆಗಳಲ್ಲಿ ಕಿಟಕಿಯಿಂದ ಒಳಬರುವ ಬೆಳಕಿನ ಬಹುಪಾಲು ಅಡಿಕೆ, ಬಾಳೆ, ಕೋಕೋ ಎಲೆಗಳ ಮೇಲೆ ಬಿದ್ದು, ಹಸಿರು ಬೆರೆಸಿಕೊಂಡು ಬಂದದ್ದು. ಹಸಿರು ಛಾಯೆಯ ಬೂದು ಅಲ್ಲಿ ಜ್ವರ ಬಂದವರ ಮುಖದಂತೆ ಕಾಣುತ್ತದೆ. ಸಾಧ್ಯವಾದರೆ ಮಳೆ ಹಿಡಿದ ಮಧ್ಯಾಹ್ನವೊಂದರಲ್ಲಿ ಹಲಗೆಯನ್ನು ನೋಡಿಯೇ ತೀರ್ಮಾನಿಸಿ, ಏಕೆಂದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವು ಬದುಕುವುದು ಆ ಬೆಳಕಿನಲ್ಲಿಯೇ. ಕಂಪನಿಗಳು ಕೊಡುವ ವಿವರಗಳಲ್ಲಿ ಎಲ್‌ಆರ್‌ವಿ ಎಂಬ ಅಂಕಿಯನ್ನೂ ಕೇಳಿ ನೋಡಿ; ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬುದರ ಅಳತೆ ಅದು. 0 ಎಂದರೆ ಪೂರ್ಣ ಕಪ್ಪು, 100 ಎಂದರೆ ಪೂರ್ಣ ಬಿಳಿ. ಇಂಥ ಚಾವಡಿಗೆ 60ಕ್ಕಿಂತ ಕೆಳಗಿನದನ್ನು ನಾನು ಸೂಚಿಸುವುದಿಲ್ಲ. ತಾರಸಿಯ ಒಳಮೈಗೆ ಅಪ್ಪಟ ಬಿಳಿ ಬೇಡ, ದಂತದ ಬಿಳಿ ಇರಲಿ. ಅಪ್ಪಟ ಬಿಳಿಯ ಕೆಳಗೆ ಬೆಚ್ಚನೆಯ ಬೂದು ತೊಳೆಯದ ಗೋಡೆಯಂತೆ ಕಾಣುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಮುರಕಲ್ಲಿನ ಮನೆ. ಮೊದಲು ಸುಣ್ಣವಿತ್ತು, ಕೆಲವು ವರ್ಷಗಳ ಹಿಂದೆ ಇಮಲ್ಶನ್ ಬಳಿಸಿದೆವು. ಈಗ ಗೋಡೆಯ ಕೆಳಭಾಗ ಹೊಪ್ಪಳಿಕೆ ಏಳುತ್ತಿದೆ, ಬೂಷ್ಟು ಹಿಡಿಯುತ್ತಿದೆ. ಗಾಢ ಬೂದು ಬಳಿದರೆ ಕಲೆ ಮುಚ್ಚಬಹುದೇ?
– ಕೃಷಿಕರು, ಪೆರ್ಲ

ಉತ್ತರ: ಮುಚ್ಚುವುದಿಲ್ಲ, ಬದಲಾಗಿ ಇನ್ನಷ್ಟು ತೋರಿಸುತ್ತದೆ. ಮುರಕಲ್ಲು ತೂತುಗಳಿರುವ ಕಲ್ಲು. ನೆಲದ ತೇವವನ್ನು ಹೀರಿ ಮೇಲಕ್ಕೆ ಒಯ್ಯುತ್ತದೆ. ಆ ನೀರು ಗೋಡೆಯ ಮೈಯಲ್ಲಿ ಆರುವಾಗ ಅದರಲ್ಲಿ ಕರಗಿದ್ದ ಲವಣ ಬಿಳಿಯ ಪುಡಿಯಾಗಿ ಹೊರಬೀಳುತ್ತದೆ, ಮತ್ತು ಬಿಳಿ ಪುಡಿ ಎದ್ದು ಕಾಣುವುದಕ್ಕೆ ಗಾಢ ಬೂದಿಗಿಂತ ಉತ್ತಮ ಹಿನ್ನೆಲೆ ಇನ್ನಿಲ್ಲ. ಹಿಂದಿನವರು ಬಳಿಯುತ್ತಿದ್ದ ಸುಣ್ಣ ಆವಿಯನ್ನು ಹೊರಗೆ ಬಿಡುತ್ತಿತ್ತು. ಪ್ಲಾಸ್ಟಿಕ್ಕಿನ ಪೊರೆಯಂಥ ಇಮಲ್ಶನ್ ಅದನ್ನು ತಡೆಯುವುದರಿಂದ ಒತ್ತಡಕ್ಕೆ ಬಣ್ಣವೇ ಸಿಪ್ಪೆಯಾಗಿ ಏಳುತ್ತದೆ. ಮೊದಲು ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿ, ಚರಂಡಿಯನ್ನು ಸರಿಪಡಿಸಿ. ಸಡಿಲಾದ ಬಣ್ಣವನ್ನು ಪೂರ್ತಿಯಾಗಿ ಕೆರೆದು, ಒಂದು ಬೇಸಗೆಯಿಡೀ ಗೋಡೆಯನ್ನು ಒಣಗಲು ಬಿಡಿ. ಆಮೇಲೆ ಸುಣ್ಣವನ್ನೇ ಬಳಿಯುವುದು ನನ್ನ ಸಲಹೆ. ಬೂದು ಬೇಕೆಂದಿದ್ದರೆ ಸುಣ್ಣದಲ್ಲಿ ಕಲೆಸಲು ತಕ್ಕ ಕಪ್ಪು ಆಕ್ಸೈಡ್ ಪುಡಿಯನ್ನು, ಜೊತೆಗೆ ಚಿಟಿಕೆ ಹಳದಿ ಆಕ್ಸೈಡನ್ನು ಬೆರೆಸಬಹುದು; ಒದ್ದೆಯಾಗಿದ್ದಾಗ ಕಾಣುವ ಬಣ್ಣ ಒಣಗಿದಾಗ ಬಹಳ ತಿಳಿಯಾಗುವುದರಿಂದ ಮೂಲೆಯೊಂದರಲ್ಲಿ ಬಳಿದು ನೋಡಿಕೊಳ್ಳಿ. ಗೋಡೆಗೆ ಒರಗಿಸಿಟ್ಟ ಕಪಾಟಿನ ಹಿಂದೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಟ್ಟರೆ ಬೂಷ್ಟಿನ ಕಾಟ ಅರ್ಧಕ್ಕರ್ಧ ತಗ್ಗುತ್ತದೆ.

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಕಿಟಕಿ ಉತ್ತರಕ್ಕಿದೆ. ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ಬೂದು ಬಳಿಯಲೇಬಾರದು ಎಂದು ಓದಿದ್ದೇನೆ. ಇದು ಸರಿಯೇ?
– ಶಿಕ್ಷಕಿ, ಉಪ್ಪಳ

ಉತ್ತರ: ಆ ಸಲಹೆ ಯೂರೋಪಿನಂತಹ ಉತ್ತರದ ದೇಶಗಳಿಗೆ ಸಲ್ಲುವಂಥದು. ನಾವಿರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಆಗಸ್ಟ್ ಮೂರನೆಯ ವಾರದ ಸುಮಾರಿಗೆ ಮರಳುತ್ತಾನೆ. ಹೀಗಾಗಿ ಮೇ ತಿಂಗಳಲ್ಲಿ ನಿಮ್ಮ ಉತ್ತರದ ಗೋಡೆಗೆ ನೇರ ಬಿಸಿಲು ತಾಗುತ್ತದೆ. ಅನಂತರದ ಪಾಲನ್ನು ಮೋಡ ನುಂಗಿಬಿಡುತ್ತದೆ ಎಂಬುದು ಬೇರೆ ಮಾತು. ಡಿಸೆಂಬರ್, ಜನವರಿಗಳಲ್ಲಂತೂ ಆ ಕೋಣೆಗೆ ಬರುವುದು ಬರಿಯ ಆಕಾಶದ ನೀಲಿ ಬೆಳಕು. ಬೂದು ಬಳಿಯಿರಿ, ಬೆಚ್ಚನೆಯದನ್ನು ಬಳಿಯಿರಿ.

ಮಲಗುವ ಕೋಣೆಯಲ್ಲಿ ದಿಕ್ಕಿಗಿಂತ ಮುಖ್ಯವಾದದ್ದು ದೀಪ. ನಮ್ಮ ಊರುಗಳ ಅಂಗಡಿಗಳಲ್ಲಿ ಕೇಳದೆಯೇ ಕೈಗೆ ಕೊಡುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಲ್ಬು. ಅದರ ಕೆಳಗೆ ಎಷ್ಟೇ ಒಳ್ಳೆಯ ಬೂದು ಬಣ್ಣವೂ ಆಸ್ಪತ್ರೆಯ ಗೋಡೆಯ ಕಳೆಗೆ ಇಳಿಯುತ್ತದೆ. 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಹಳದಿ ಬೆಳಕಿನ ಬಲ್ಬು ಹಾಕಿ, ಡಬ್ಬಿಯ ಮೇಲೆ ಸಿಆರ್‌ಐ 90 ಎಂದಿದ್ದರೆ ಇನ್ನೂ ಒಳ್ಳೆಯದು; ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಳತೆ ಅದು.

ಪ್ರಶ್ನೆ: ಈಗ ಎಲ್ಲರೂ ಮನೆಯ ಮುಂಭಾಗಕ್ಕೆ ಕಡು ಬೂದು ಬಳಿಸುತ್ತಿದ್ದಾರೆ. ನಾವೂ ಬಳಿಸಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ಪಶ್ಚಿಮದ ಗೋಡೆಗೆ ಖಂಡಿತ ಬೇಡ. ಗಾಢ ಬಣ್ಣ ಬಿಸಿಲನ್ನು ಹೀರಿಕೊಂಡು ಸಂಜೆಯ ಮೇಲೆ ಕೋಣೆಯೊಳಗೆ ಬಿಡುತ್ತದೆ. ಮುಂಭಾಗದ ಉಳಿದೆಡೆ ತಿಳಿ ಬೂದು ಸಾಕು. ಕಡು ಬಣ್ಣದ ಆಸೆ ಇದ್ದರೆ ಅದನ್ನು ನೆಲದಿಂದ ಎರಡಡಿ ಎತ್ತರದ ಪಟ್ಟಿಗೆ ಮೀಸಲಿಡಿ. ಜಡಿಮಳೆಗೆ ಅಂಗಳದ ಕೆಂಪು ಮಣ್ಣು ಸಿಡಿಯುವುದು ಅಷ್ಟೇ ಎತ್ತರಕ್ಕೆ, ಮತ್ತು ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕಾವಿಯ ಪಟ್ಟಿ ಎಳೆಯುತ್ತಿದ್ದುದರಿಂದ ಆಗುತ್ತಿದ್ದ ಉಪಯೋಗವೂ ಅದೇ. ಪಟ್ಟಿಗೂ ಕೆಂಪು ಬೆರೆತ ಕಂದು ಬೂದನ್ನೇ ಆರಿಸಿ, ನೀಲಿ ಬೂದಿನ ಮೇಲೆ ಮಣ್ಣಿನ ಪ್ರತಿಯೊಂದು ಹನಿಯೂ ಲೆಕ್ಕಕ್ಕೆ ಸಿಗುತ್ತದೆ. ಬಣ್ಣವನ್ನು ಒಟ್ಟಿಗೇ ಖರೀದಿಸಿ, ಎಲ್ಲ ಡಬ್ಬಿಗಳನ್ನೂ ಒಂದು ಬಕೆಟಿನಲ್ಲಿ ಬೆರೆಸಿಕೊಳ್ಳಲು ಪೈಂಟಿನವರಿಗೆ ಹೇಳಿ. ಬೂದಿನಲ್ಲಿ ಡಬ್ಬಿಯಿಂದ ಡಬ್ಬಿಗಿರುವ ಸಣ್ಣ ವ್ಯತ್ಯಾಸವೂ ಗೋಡೆಯ ನಡುವೆ ಗೆರೆಯಾಗಿ ಕಾಣುತ್ತದೆ. ಡಬ್ಬಿಯ ಮೇಲೆ ಅಂಟಿಸಿದ ಸೂತ್ರದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.