ಅಲ್ಝೈಮರ್ಸ್‌ಗೆ 40 ಹರ್ಟ್ಸ್ ದೀಪ ತಗೊಳ್ಳಬಹುದಾ?

ನಿಮ್ಮ ತಂದೆಗೆ ಅಲ್ಝೈಮರ್ಸ್ ಇದೆ, ಆನ್‌ಲೈನಿನಲ್ಲಿ ಮಾರುವ 40 ಹರ್ಟ್ಸ್ ಮಿನುಗು ದೀಪ ತರಿಸಲಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ ಎನ್ನುತ್ತೇನೆ. ನಾನು ಡಾಕ್ಟರಲ್ಲ, ಇದೇ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುವ ಸೊಸೆ.

ಆ 40ರ ಸುದ್ದಿ ಹಬ್ಬಿದ್ದು 2016ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ. ಅಲ್ಲಿನ ಮೆದುಳು ವಿಜ್ಞಾನಿ ಲೀ-ಹ್ವೇ ತ್ಸಾಯ್ ಅವರ ತಂಡ ಇಲಿಗಳಿಗೆ ಸೆಕೆಂಡಿಗೆ 40 ಸಲ ಮಿನುಗುವ ಬೆಳಕನ್ನು ಒಂದು ಗಂಟೆ ತೋರಿಸಿತು. ಕಣ್ಣಿನ ಕೆಲಸ ನೋಡುವ ಮೆದುಳಿನ ಭಾಗದಲ್ಲಿ ಅಮಿಲಾಯ್ಡ್ (ಈ ಕಾಯಿಲೆಯಲ್ಲಿ ಮೆದುಳಲ್ಲಿ ಸೇರಿಕೊಳ್ಳುವ ಪ್ರೋಟೀನ್) ಕಡಿಮೆಯಾಯಿತು. ಆದರೆ 2023ರಲ್ಲಿ ನ್ಯೂಯಾರ್ಕಿನ ಇನ್ನೊಂದು ತಂಡ ಇಲಿಗಳ ಮೇಲೆ ಪರೀಕ್ಷಿಸಿದಾಗ ಅಂಥ ಫಲ ಸಿಗಲಿಲ್ಲ. ಕಾಗ್ನಿಟೋ ಎಂಬ ಕಂಪನಿ ಬೆಳಕು, ಶಬ್ದ ಎರಡೂ ಕೊಡುವ ಸಾಧನ ಮಾಡಿ ರೋಗಿಗಳ ಮೇಲೆ ದೊಡ್ಡ ಪರೀಕ್ಷೆಗೆ ಇಳಿಯಿತು. ನೀವು ನೋಡಿದ ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ, ನಂಬರ್ ಮಾತ್ರ ಒಂದೇ. ಫಿಟ್ಸ್ ಬರುವವರಿಗಂತೂ ಮಿನುಗು ಬೆಳಕು ಅಪಾಯ.

ಮಿನುಗದ, ಬರೀ ಜೋರು ಬೆಳಕಿನ ಕಥೆಯೇ ಬೇರೆ. ನೆದರ್‌ಲ್ಯಾಂಡ್ಸ್‌ನ 12 ವೃದ್ಧರ ಆರೈಕೆ ಮನೆಗಳಲ್ಲಿ 189 ಜನರ ಮೇಲೆ ನಡೆದ ಅಧ್ಯಯನ 2008ರಲ್ಲಿ ಬಂತು. ಹಗಲಿಡೀ ಸುಮಾರು 1000 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆಂದು ಅಳೆಯುವ ಮಾನ) ಬೆಳಕಿದ್ದಲ್ಲಿ ಖಿನ್ನತೆ ಶೇ. 19ರಷ್ಟು ಕಡಿಮೆ ಕಂಡಿತು. ಬುದ್ಧಿಶಕ್ತಿಗೆ ಆದ ಲಾಭ ಶೇ. 5 ಅಷ್ಟೇ. ಕಾಯಿಲೆ ವಾಸಿಯಾಗಲ್ಲ, ದಿನ ಕಳೆಯುವುದು ಸ್ವಲ್ಪ ಹಗುರಾಗುತ್ತದೆ.

ನಮ್ಮತ್ತೆ ಸಂಜೆಯಾದರೆ ಸಾಕು, ಚೀಲಕ್ಕೆ ಸೀರೆ ತುರುಕಿ "ಬಸ್ ಹೋಗಿಬಿಡುತ್ತೆ ಕಣೇ, ಊರಿಗೆ ಹೊರಡ್ತೀನಿ" ಎಂದು ಬಾಗಿಲು ಜಗ್ಗುತ್ತಿದ್ದರು. ಹಗಲೆಲ್ಲಾ ಪರದೆ ಎಳೆದ ರೂಮಿನಲ್ಲಿ ಟಿವಿ ಮುಂದೆ ತೂಕಡಿಕೆ, ರಾತ್ರಿ ಜಾಗರಣೆ. ಈಗ ತಿಂಡಿ ಆದಮೇಲೆ ಜಗಲಿಯಲ್ಲಿ ಕೂರಿಸುತ್ತೇವೆ. ಮನೆಯೊಳಗೆ ಸಾಮಾನ್ಯವಾಗಿ ಒಂದೆರಡು ನೂರು ಲಕ್ಸ್ ಇದ್ದರೆ ಹೊರಗೆ ನೆರಳಿನಲ್ಲೇ ಸಾವಿರಗಟ್ಟಲೆ ಇರುತ್ತದೆ, ಅದೂ ಪುಕ್ಕಟೆ! ಸುಮ್ನೆ ಕೂರಲ್ಲ, ಅದಕ್ಕೇ ಅವರೆಕಾಯಿ ಸುಲಿಯೋಕೆ ಕೊಡುತ್ತೇನೆ. ಕಾಳಿನ ತಟ್ಟೆಗೆ ಸಿಪ್ಪೆಯೂ ಬೀಳುತ್ತದೆ, ಆಮೇಲೆ ನಾನೇ ಆರಿಸಿಕೊಳ್ಳುತ್ತೇನೆ. ಸಂಜೆ ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕುತ್ತೇವೆ. ಬಸ್ಸಿನ ಗಲಾಟೆ ಪೂರ್ತಿ ನಿಂತಿಲ್ಲ, ಆದರೆ ಎಷ್ಟೋ ದಿನ ಆ ಹೊತ್ತು ಸುಸೂತ್ರವಾಗಿ ಕಳೆಯುತ್ತದೆ. ಇದೆಲ್ಲ ಬೆಳಕಿನದ್ದೇ ಫಲವೋ, ಜಗಲಿ ಮುಂದೆ ಓಡಾಡುವ ಜನರದ್ದೋ, ಹೇಗೆ ಹೇಳೋದು?

ತಂದೆಗೆ ಕಣ್ಣಿನ ಪೊರೆ ಇದೆಯಾ ಅಂತ ಮೊದಲು ತೋರಿಸಿ. ಪೊರೆ ಇದ್ದರೆ ಎಂಥ ಬೆಳಕಿದ್ದರೂ ಒಳಗೆ ಹೋಗುವುದು ಕಡಿಮೆ. ಆಮೇಲೂ ದೀಪ ಬೇಕೆನಿಸಿದರೆ, ಚಿಕಿತ್ಸೆ ಕೊಡುತ್ತಿರುವ ನರರೋಗ ತಜ್ಞರನ್ನು ಕೇಳಿಯೇ ದುಡ್ಡು ಹಾಕಿ.